ತೂಕದ ಗುರಿಯೂ ತಕ್ಕಡಿಯ ದಾಸ್ಯವೂ

ಐವತ್ತು ದಾಟಿದ ನನ್ನ ಹಳೆಯ ವಿದ್ಯಾರ್ಥಿಗಳು ಮದುವೆಯ ಫೋಟೋದಲ್ಲಿದ್ದ ತೂಕಕ್ಕೆ ಮರಳಲು ರಾತ್ರಿಯೂಟ ಬಿಡುತ್ತಿರುವರೆಂದು ಕೇಳಿ ಇದನ್ನು ಬರೆಯುತ್ತಿದ್ದೇನೆ. ಇದು ಆರೋಗ್ಯಸಾಧನೆಯಲ್ಲ, ಗತಕಾಲದ ಆರಾಧನೆ. ಎತ್ತರ-ತೂಕದ ಸೂಚ್ಯಂಕದ ಮೂಲಸೂತ್ರವನ್ನು 19ನೆಯ ಶತಮಾನದಲ್ಲಿ ರೂಪಿಸಿದ ಬೆಲ್ಜಿಯಮಿನ ಕ್ವೆಟ್ಲೆ ವೈದ್ಯನಲ್ಲ, ಗಣಿತಜ್ಞ. ಅವನು ಅಳೆಯಹೊರಟದ್ದು ಜನಸಮೂಹವನ್ನು, ನಿಮ್ಮನ್ನಲ್ಲ.

ಹಾಗೆಂದು ಅಂಕಿಗಳನ್ನು ಕಡೆಗಣಿಸುವುದೂ ಸಲ್ಲದು. ಆ ಸೂಚ್ಯಂಕ 23 ಮುಟ್ಟಿದರೆ ಭಾರತೀಯರು ಎಚ್ಚರಗೊಳ್ಳಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಆದರೆ 80 ಕಿಲೋ ಇರುವವರು ಒಮ್ಮೆಲೇ 60ರ ಹಂಬಲ ಹಿಡಿಯುವುದೇಕೆ? ಆರು ತಿಂಗಳಲ್ಲಿ ನೂರಕ್ಕೆ 5ರಷ್ಟು, ಎಂದರೆ 4 ಕಿಲೋ ಇಳಿದರೂ ಸಕ್ಕರೆ, ರಕ್ತದೊತ್ತಡಗಳು ಸುಧಾರಿಸಬಲ್ಲವು. ಉಳಿಸಿಕೊಳ್ಳಲಾಗದ ತೂಕ ಗುರಿಯೇ ಅಲ್ಲ. ಮಧುಮೇಹದ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಉಪವಾಸ ಹಿಡಿದರೆ, ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ ಬಂದೀತು.