ಜೆ.ಆರ್.ಗೆ ಗುಂಡು ಹಾರಿಸಿದವರು ಯಾರು?

ಪತ್ತೇದಾರಿ ಧಾರಾವಾಹಿ ನೋಡುವ ಮನೆಯಲ್ಲಿ ನ್ಯಾಯಾಧೀಶರಿಗೇನೂ ಕೊರತೆಯಿಲ್ಲ. ಟಿ.ವಿ.ಯಲ್ಲಿ ಶ್ರೀಮಂತರ ಬಂಗಲೆಯೊಳಗೆ ಹೆಣ ಬಿದ್ದ ಐದೇ ನಿಮಿಷಕ್ಕೆ ಅಮ್ಮ ತೀರ್ಪು ಕೊಡುತ್ತಾರೆ: 'ಆ ಸೋದರಳಿಯನದೇ ಕೆಲಸ. ಮುಖ ನೋಡಿದ್ರೇ ಗೊತ್ತಾಗಲ್ವೇನ್ರಿ?' ಅಪ್ಪ ಒಪ್ಪುವುದಿಲ್ಲ. 'ಅಲ್ಲ ಕಣೇ, ಎರಡನೇ ಹೆಂಡತಿ. ಆಸ್ತಿಗೋಸ್ಕರ' ಎನ್ನುತ್ತಾರೆ. ಪಿಯುಸಿ ಓದುವ ಮಗ, 'ಇಬ್ರೂ ಅಲ್ಲಪ್ಪ, ಡ್ರೈವರ್' ಎಂದು ಮೇಲ್ಮನವಿ ಸಲ್ಲಿಸುತ್ತಾನೆ. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ, 'ಇವರಲ್ಲಿ ಯಾರಾದ್ರೂ ಕಣ್ಣಾರೆ ನೋಡಿದ್ರೇನೋ ಮಗಾ?' ಎಂದು ಕೇಳುತ್ತಾರೆ. ಅಜ್ಜಿಯ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.

ಇದೇ ಆಟವನ್ನು ಒಮ್ಮೆ ಇಡೀ ಅಮೆರಿಕ ದೇಶ ಎಂಟು ತಿಂಗಳ ಕಾಲ ಆಡಿತ್ತು. ನಲವತ್ತು ವರ್ಷಗಳ ಮೇಲಾದರೂ ಟಿ.ವಿ. ಚರಿತ್ರೆ ಬರೆಯುವವರು ಅದನ್ನು ಮರೆತಿಲ್ಲ. ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಅದರಲ್ಲೊಂದು ಪಾಠವಿರುವುದರಿಂದ ಈ ವಾರ ಆ ಕಥೆ ಹೇಳುತ್ತೇನೆ.

ಧಾರಾವಾಹಿಯ ಹೆಸರು 'ಡಲ್ಲಾಸ್'. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1978ರಿಂದ 1991ರವರೆಗೆ ಬಂತು. ಟೆಕ್ಸಾಸ್ ರಾಜ್ಯದ ಯೂಯಿಂಗ್ ಎಂಬ ಮನೆತನದ ಕಥೆ ಅದು. ಎಣ್ಣೆ ಬಾವಿಗಳಿಂದ ಹಣ ಹರಿದು ಬರುತ್ತಿತ್ತು. ಸೌತ್‌ಫೋರ್ಕ್ ಎಂಬ ಭಾರಿ ಬಂಗಲೆಯಲ್ಲಿ ತಂದೆತಾಯಿ, ಮಕ್ಕಳು, ಸೊಸೆಯರು ಎಲ್ಲ ಒಂದೇ ಸೂರಿನಡಿ ವಾಸ. ನಮ್ಮ ಅವಿಭಕ್ತ ಕುಟುಂಬದಂತೆಯೇ ಎನ್ನಿ. ಜಗಳವೂ ಅಷ್ಟೇ ಧಾರಾಳ. ಹಿರಿಯ ಮಗ ಜೆ.ಆರ್. ಯೂಯಿಂಗ್ ಮೋಸ, ಲಂಚ, ಬೆದರಿಕೆಗಳಲ್ಲಿ ನಿಸ್ಸೀಮ. ಆದರೂ ಲ್ಯಾರಿ ಹ್ಯಾಗ್‌ಮನ್ ಎಂಬ ನಟ ಅವನನ್ನು ಎಂಥ ನಗುಮೊಗದಿಂದ ಅಭಿನಯಿಸಿದರೆಂದರೆ, ಜನ ಶಪಿಸುತ್ತಲೇ ಅವನಿಗಾಗಿ ಕಾದು ಕುಳಿತರು.

1980ರ ಮಾರ್ಚ್ 21ರ ಕಂತಿನ ಕೊನೆಯ ದೃಶ್ಯ. ರಾತ್ರಿ ಆಫೀಸಿನಲ್ಲಿ ಜೆ.ಆರ್. ಒಬ್ಬನೇ ಇದ್ದಾನೆ. ಹೊರಗೆ ಹೆಜ್ಜೆ ಸಪ್ಪಳ. ಯಾರೆಂದು ನೋಡಲು ಬಂದವನ ಮೇಲೆ ಎರಡು ಗುಂಡು. ಅವನು ನೆಲಕ್ಕೆ ಬೀಳುತ್ತಾನೆ. ಹೊಡೆದವರ ಮುಖ ಕಾಣುವುದಿಲ್ಲ. ಅಲ್ಲಿಗೆ ಆ ವರ್ಷದ ಕಂತುಗಳು ಮುಗಿದವು.

ಶಂಕಿತರಿಗೇನೂ ಬರವಿರಲಿಲ್ಲ. ಏಷ್ಯಾದ ಎಣ್ಣೆ ಬಾವಿಗಳು ಅಲ್ಲಿನ ಸರ್ಕಾರದ ವಶವಾಗುವ ಸುಳಿವು ಮೊದಲೇ ಸಿಕ್ಕಿ, ಜೆ.ಆರ್. ಅವುಗಳಲ್ಲಿನ ಪಾಲನ್ನು ವ್ಯಾಪಾರದ ಗೆಳೆಯರಿಗೆ ಮಾರಿ ಕೈತೊಳೆದುಕೊಂಡಿದ್ದ. ಅವರೆಲ್ಲ ಮುಳುಗಿದ್ದರು. ಕ್ಲಿಫ್ ಬಾರ್ನ್ಸ್ ಎಂಬವನದು ತಂದೆಯ ಕಾಲದ ವೈರ. ಕುಡಿತಕ್ಕೆ ಬಿದ್ದಿದ್ದ ಹೆಂಡತಿ ಸೂ ಎಲೆನ್‌ಳನ್ನು ಚಿಕಿತ್ಸಾಲಯಕ್ಕೆ ಅಟ್ಟಲು ಅವನು ಹೊರಟಿದ್ದ. ಅವಳ ತಂಗಿ ಕ್ರಿಸ್ಟಿನ್‌ಳೊಡನೆ ಸಂಬಂಧ ಬೆಳೆಸಿ, ಬೇಡವಾದಾಗ ಊರು ಬಿಡಿಸುವ ಬೆದರಿಕೆ ಹಾಕಿದ್ದ. ಒಡಹುಟ್ಟಿದ ತಮ್ಮ ಬಾಬಿಯೇ ಬೇಸತ್ತು ಮನೆ ಬಿಟ್ಟಿದ್ದ.

ಉತ್ತರ ಬೇಗ ಬರಲಿಲ್ಲ. ಹ್ಯಾಗ್‌ಮನ್ ಸಂಭಾವನೆ ಹೆಚ್ಚಿಸಬೇಕೆಂದು ಪಟ್ಟು ಹಿಡಿದರು. ಅದು ಬಗೆಹರಿಯುವ ಹೊತ್ತಿಗೆ ಅಮೆರಿಕದ ನಟರ ಸಂಘದ ಮುಷ್ಕರ ಶುರುವಾಗಿ ಚಿತ್ರೀಕರಣ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಊಹೆಯೇ ಒಂದು ಉದ್ಯಮವಾಗಿ ಬೆಳೆದಿತ್ತು. ಆ ಪ್ರಶ್ನೆ ಮುದ್ರಿಸಿದ ಟೀ ಶರ್ಟುಗಳು ಮಾರಾಟವಾದವು. 'ಟೈಮ್' ಪತ್ರಿಕೆಯ ಮುಖಪುಟಕ್ಕೆ ಜೆ.ಆರ್. ಬಂದ. ಬ್ರಿಟನ್ನಿನಲ್ಲಿ ಜನ ಯಾರೆಂದು ಪಂಥ ಕಟ್ಟಿದರು. ಅದು ಅಮೆರಿಕದ ಅಧ್ಯಕ್ಷ ಚುನಾವಣೆಯ ವರ್ಷ. ಹೊಡೆದದ್ದು ಡೆಮಾಕ್ರಟಿಕ್ ಪಕ್ಷದವನೇ ಎಂಬ ಬ್ಯಾಡ್ಜುಗಳನ್ನು ರಿಪಬ್ಲಿಕನ್ನರು ಹಂಚಿದರು. ಗುಟ್ಟು ರಟ್ಟಾಗದಿರಲೆಂದು ನಿರ್ಮಾಪಕರು ಬೇರೆ ಬೇರೆ ಪಾತ್ರಧಾರಿಗಳು ಗುಂಡು ಹಾರಿಸುವ ದೃಶ್ಯಗಳನ್ನು ಚಿತ್ರೀಕರಿಸಿ ಇಟ್ಟುಕೊಂಡರು.

ಇಲ್ಲೊಂದು ತಮಾಷೆಯಿದೆ. ಆ ವರ್ಷಕ್ಕೆ ಕಂತುಗಳು ಹೆಚ್ಚು ಬೇಕೆಂದು ವಾಹಿನಿ ಕೇಳಿದಾಗ, ಮೊದಲು ಜೆ.ಆರ್.ಗೆ ಗುಂಡು ಹೊಡೆಸೋಣ, ಹೊಡೆದವರು ಯಾರೆಂದು ಆಮೇಲೆ ನೋಡೋಣ ಎಂದು ಕಥೆಗಾರರು ತೀರ್ಮಾನಿಸಿದ್ದರು. ಅಂದರೆ ಆ ಕಂತು ನೋಡಿದ ರಾತ್ರಿಯೇ 'ನನಗೆ ಗೊತ್ತು' ಎಂದು ಎದೆ ತಟ್ಟಿದ ವೀಕ್ಷಕರಿಗೆ, ಬರೆದವರೇ ಆಮೇಲೆ ನೋಡೋಣ ಎಂದು ಬಿಟ್ಟಿದ್ದ ಸಂಗತಿ ಗೊತ್ತಿತ್ತು!

ಹಾಗಾದರೆ ಅವರು ಯಾವುದರ ಮೇಲೆ ನಿರ್ಣಯಿಸಿದರು? ಅವರ ಕೈಯಲ್ಲಿದ್ದದ್ದು ಬರೀ ಕಾರಣಗಳು. ಇವನಿಗೆ ಹಣ ಹೋಗಿತ್ತು, ಅವಳಿಗೆ ಮಾನ ಹೋಗಿತ್ತು ಎಂಬಂಥವು. ಕಾರಣವೇ ಬೇರೆ, ಪುರಾವೆಯೇ ಬೇರೆ. ಹತ್ತು ಜನಕ್ಕೆ ಕಾರಣ ಇರಬಹುದು. ಗುಂಡು ಹಾರಿಸಿದ ಕೈ ಒಂದೇ. ಕಾರಣಗಳ ರಾಶಿಯಿಂದ ಒಂದು ಹೆಸರನ್ನು ಎತ್ತಿಕೊಳ್ಳುವಾಗ ನಮಗೆ ದಾರಿ ತೋರುವುದು ನಮ್ಮದೇ ಇಷ್ಟಾನಿಷ್ಟ. ಕುಡುಕಿಯನ್ನು ಕಂಡರಾಗದವರಿಗೆ ಅವಳೇ ಅಪರಾಧಿ; ವ್ಯಾಪಾರಿಗಳನ್ನು ನಂಬದವರಿಗೆ ವ್ಯಾಪಾರಿ.

ಉತ್ತರ ಬಂದದ್ದು 1980ರ ನವೆಂಬರ್ 21ರಂದು. ಅಮೆರಿಕದಲ್ಲಿ ಸುಮಾರು 8.3 ಕೋಟಿ ಜನ ಅದನ್ನು ನೋಡಿದರೆಂದು ಅಂದಾಜು. ಅದೇ ತಿಂಗಳ 4ರಂದು ನಡೆದ ಅಧ್ಯಕ್ಷ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು 8.6 ಕೋಟಿ. ದೇಶದ ಅಧ್ಯಕ್ಷ ಯಾರು ಎಂಬುದಕ್ಕೂ, ಜೆ.ಆರ್.ಗೆ ಹೊಡೆದವರು ಯಾರು ಎಂಬುದಕ್ಕೂ ಹೆಚ್ಚುಕಡಿಮೆ ಒಂದೇ ಆಸಕ್ತಿ!

ಗಣಿತದ ವಿದ್ಯಾರ್ಥಿಗಳು ಇನ್ನೊಂದು ಲೆಕ್ಕ ನೋಡಬಹುದು. ಆ ಕಂತಿನ ರೇಟಿಂಗ್ 53.3, ಷೇರ್ 76. ಟಿ.ವಿ. ಇರುವ ನೂರು ಮನೆಗಳಲ್ಲಿ 53 ಮನೆಯವರು ನೋಡಿದರು ಎಂಬುದು ಮೊದಲನೆಯದರ ಅರ್ಥ. ಆ ಹೊತ್ತಿನಲ್ಲಿ ಟಿ.ವಿ. ಹಾಕಿಕೊಂಡಿದ್ದ ನೂರು ಮನೆಗಳಲ್ಲಿ 76 ಎಂಬುದು ಎರಡನೆಯದರ ಅರ್ಥ. ಎರಡೂ ಸರಿ, ಯಾವ ನೂರರಲ್ಲಿ ಎಂದು ಕೇಳದವನು ಮಾತ್ರ ಮೋಸಹೋಗುತ್ತಾನೆ. ಈ ದಾಖಲೆಯನ್ನು 1983ರಲ್ಲಿ 'ಮ್ಯಾಶ್' ಧಾರಾವಾಹಿಯ ಕೊನೆಯ ಕಂತು ಮುರಿಯಿತು.

ಗುಂಡು ಹಾರಿಸಿದ್ದು ನಾದಿನಿ ಕ್ರಿಸ್ಟಿನ್. ಜೆ.ಆರ್. ಸತ್ತಿರಲಿಲ್ಲ, ಬದುಕಿಕೊಂಡ. ಆದರೆ ನನಗೆ ಮುಖ್ಯವೆನಿಸುವುದು ಅದಕ್ಕೆ ಮುಂಚಿನ ಘಟನೆ. ಪೊಲೀಸರು ಹಿಡಿದದ್ದು ಅಕ್ಕ ಸೂ ಎಲೆನ್‌ಳನ್ನು. ಪಿಸ್ತೂಲಿನ ಮೇಲೆ ಅವಳ ಬೆರಳಚ್ಚು ಇತ್ತು. ಆ ರಾತ್ರಿ ಅವಳು ಕುಡಿದಿದ್ದಳು, ಏನೂ ನೆನಪಿರಲಿಲ್ಲ. ಎಲ್ಲರೂ ಅವಳತ್ತ ಬೆರಳು ತೋರಿಸಿದ ಮೇಲೆ, ನಾನೇ ಹೊಡೆದಿರಬಹುದೇನೋ ಎಂದು ಅವಳಿಗೇ ಅನ್ನಿಸತೊಡಗಿತು. ಅಂದು ರಾತ್ರಿ ಪಿಸ್ತೂಲಿನೊಡನೆ ತಂಗಿಯ ಮನೆಗೆ ಹೋಗಿದ್ದೆ ಎಂಬುದು ಮನೋವೈದ್ಯರ ನೆರವಿನಿಂದ ನೆನಪಾದಾಗಲೇ ಗಂಟು ಬಿಚ್ಚಿದ್ದು.

ಇದನ್ನು ಓದಿದಾಗಲೆಲ್ಲ ನನಗೆ ನನ್ನ ಹಾಸ್ಟೆಲ್ ದಿನಗಳು ನೆನಪಾಗುತ್ತವೆ. ಒಬ್ಬನ ಕೈಗಡಿಯಾರ ಕಳೆದುಹೋಯಿತು. ಮೆಸ್ಸಿನಲ್ಲಿ ಬಡಿಸಿ, ಅದಕ್ಕೆ ಪ್ರತಿಯಾಗಿ ಊಟ ಮಾಡಿಕೊಂಡು ಓದುತ್ತಿದ್ದ ಹುಡುಗನೊಬ್ಬನಿದ್ದ. ಗಡಿಯಾರದ ಅಗತ್ಯ ಯಾರಿಗಿದೆ ಎಂದು ಯಾರೋ ಅಂದರು. ಎಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ. ಅವನ ಟ್ರಂಕು ತೆಗೆಸಿ ನೋಡಿದೆವು. ಎರಡು ಅಂಗಿ, ಒಂದು ಪಂಚೆ, ಪುಸ್ತಕಗಳು. ಅಷ್ಟಾದರೂ ಅನುಮಾನ ಹೋಗಲಿಲ್ಲ, ಎಲ್ಲೋ ಬಚ್ಚಿಟ್ಟಿದ್ದಾನೆ ಎಂದೆವು. ನಾಲ್ಕನೆಯ ದಿನ ಗಡಿಯಾರ ಅದರ ಯಜಮಾನನ ಕಂಬಳಿಯ ಮಡಿಕೆಯಲ್ಲೇ ಸಿಕ್ಕಿತು. ಅಷ್ಟರಲ್ಲಿ ಆ ಹುಡುಗ ಊರಿಗೆ ಹೋಗಿದ್ದ. ಅವನು ತಿರುಗಿ ಬರಲಿಲ್ಲ. ಅವನಿಗೆ ಕಾಗದ ಬರೆಯಬೇಕೆಂದುಕೊಂಡೆವು, ಯಾರೂ ಬರೆಯಲಿಲ್ಲ.

ಧಾರಾವಾಹಿಯಲ್ಲಿ ಊಹೆ ತಪ್ಪಾದರೆ ನಷ್ಟವೇನಿಲ್ಲ. ಅದು ಆಟ, ಆಡಬೇಕಾದ ಆಟವೇ. ಆದರೆ ಅಲ್ಲಿ ಬೆಳೆದ ಅಭ್ಯಾಸ ಸೋಫಾದ ಮೇಲೆಯೇ ಕುಳಿತಿರುವುದಿಲ್ಲ; ನಮ್ಮೊಡನೆ ತರಗತಿಗೆ, ಹಾಸ್ಟೆಲಿಗೆ, ಮನೆಗೆಲಸದವಳು ಬರುವ ಅಡಿಗೆಮನೆಗೆ ಬರುತ್ತದೆ. 'ಮುಖ ನೋಡಿದರೇ ಗೊತ್ತಾಗುತ್ತದೆ' ಎಂಬ ಮಾತು ಅಲ್ಲಿ ಒಬ್ಬರ ಅನ್ನಕ್ಕೋ ಓದಿಗೋ ಕಲ್ಲು ಹಾಕಬಲ್ಲದು.

ಆದ್ದರಿಂದ ತಂದೆತಾಯಿಗಳಿಗೆ ನನ್ನದೊಂದು ಸಲಹೆ. ಪತ್ತೇದಾರಿ ಕಥೆ ನೋಡಬೇಡಿ ಎಂದು ಮಕ್ಕಳನ್ನು ಗದರಬೇಡಿ. ಜೊತೆಗೆ ಕುಳಿತು ನೋಡಿ. ಒಂದು ನೋಟ್ ಪುಸ್ತಕದ ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ 'ಕಾರಣ', ಬಲಕ್ಕೆ 'ಪುರಾವೆ'. ಪ್ರತಿ ಕಂತಿನ ನಂತರ ಎಲ್ಲರೂ ತಮ್ಮ ತಮ್ಮ ಶಂಕಿತನ ಹೆಸರಿನ ಮುಂದೆ ತುಂಬಲಿ. ಎಡಗಡೆ ಎಷ್ಟು ಬೇಗ ಭರ್ತಿಯಾಗುತ್ತದೆ, ಬಲಗಡೆ ಎಷ್ಟು ಕಾಲ ಖಾಲಿ ಉಳಿಯುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಊಹೆ ಬದಲಾಯಿಸಿದವರನ್ನು ಗೇಲಿ ಮಾಡಬೇಡಿ. ಹೊಸ ಪುರಾವೆ ಸಿಕ್ಕಾಗ ಅಭಿಪ್ರಾಯ ಬದಲಿಸುವವನೇ ಜಾಣ ವಿದ್ಯಾರ್ಥಿ.

ಅಂದಹಾಗೆ, ಕ್ರಿಸ್ಟಿನ್‌ಗೆ ಏನು ಶಿಕ್ಷೆಯಾಯಿತು? ಏನೂ ಇಲ್ಲ. ಪೊಲೀಸರನ್ನು ಕರೆಯಲು ಹೊರಟ ಜೆ.ಆರ್.ಗೆ ಅವಳು, ನಿನ್ನ ಮಗು ನನ್ನ ಹೊಟ್ಟೆಯಲ್ಲಿದೆ ಎಂದಳು. ಮನೆಯ ಮಾನ ಉಳಿಸಲು ಪ್ರಕರಣ ಮನೆಯೊಳಗೇ ಮುಗಿಯಿತು. ಸಿರಿವಂತರ ಮನೆಯಲ್ಲಿ ಪುರಾವೆ ಸಿಕ್ಕರೂ ಕೋರ್ಟಿಗೆ ಹೋಗುವುದಿಲ್ಲ; ಬಡವನ ಟ್ರಂಕನ್ನು ಪುರಾವೆಯಿಲ್ಲದೆಯೇ ತೆಗೆಸುತ್ತಾರೆ. ಇದನ್ನೂ ನೋಟ್ ಪುಸ್ತಕದ ಕೊನೆಗೆ ಬರೆದಿಡಲು ಮಕ್ಕಳಿಗೆ ಹೇಳಿ. ಮುಂದಿನ ಕಂತಿನ ಹೊತ್ತಿಗೆ ಅಜ್ಜಿಯನ್ನು ಮೂಲೆಯಿಂದ ಮುಂದಕ್ಕೆ ಕರೆದು ಕೂರಿಸಿ.