ಇ-ಪುಸ್ತಕವೂ ಅಕ್ಷರಶುದ್ಧಿಯೂ

ಗ್ರಂಥಕರ್ತರು ತಮ್ಮ ಕೃತಿಗಳನ್ನು ತಾವೇ ಪ್ರಕಟಿಸುವ ಪದ್ಧತಿಯು ಕನ್ನಡನಾಡಿಗೆ ಹೊಸದಲ್ಲ. ಮುದ್ರಣಾಲಯಕ್ಕೆ ಕೈಯಿಂದ ಹಣ ತೆತ್ತು, ಪ್ರತಿಗಳನ್ನು ಮನೆಯ ಅಟ್ಟದಲ್ಲಿ ಪೇರಿಸಿಟ್ಟು, ಬಂಧುಮಿತ್ರರಿಗೆ ಹಂಚಿದ ಲೇಖಕರು ಎಲ್ಲ ಕಡೆಯಲ್ಲಿಯೂ ಉಂಟು. ಈಗ ಇ-ಪುಸ್ತಕವೆಂಬ ಸಾಧನವು ಒದಗಿ, ಕಾಗದದ ವೆಚ್ಚವೂ ಅಂಚೆಯ ವೆಚ್ಚವೂ ಇಲ್ಲದೆ ಹಳ್ಳಿಯ ಲೇಖಕನ ಕೃತಿಯು ದೂರದೇಶದ ಕನ್ನಡಿಗನ ಕೈ ಸೇರುವ ಕಾಲವು ಬಂದಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಹೆಸರಿನಿಂದ ಹಂಚಲ್ಪಡುವ ಎಷ್ಟೋ ಕೃತಿಗಳು ಪುಸ್ತಕಗಳೇ ಅಲ್ಲ. ಪುಸ್ತಕದ ಛಾಯೆಗಳು ಮಾತ್ರ. ಈ ಭೇದವನ್ನು ವಿದ್ಯಾವಂತರೇ ಅರಿಯದಿರುವುದು ಶೋಚನೀಯವಾದುದು.

ದೋಷದ ಮೂಲವು ಎಲ್ಲಿದೆಯೆಂಬುದನ್ನು ಮೊದಲು ನೋಡತಕ್ಕುದು. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವ ಮಾರ್ಗವೇ ದುರ್ಲಭವಾಗಿದ್ದ ಕಾಲದಲ್ಲಿ ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳು ಮಾಡಿದ ಉಪಕಾರವು ದೊಡ್ಡದು. ಆದರೆ ಆ ಕಾಲದ ಫಾಂಟುಗಳ ಉಪಾಯವು ಒಂದು ವೇಷವಾಗಿತ್ತು. ಹಳೆಯ ‘ನುಡಿ’ಯಲ್ಲಿ ಕಕಾರವನ್ನು ಬರೆದರೆ ಯಂತ್ರದೊಳಗೆ ಸೇರುವುದು ಕಕಾರವಲ್ಲ, ‘ಪಿ’ ಎಂಬ ಆಂಗ್ಲಾಕ್ಷರವೂ, ತಲೆಕಟ್ಟಿಗಾಗಿ ಅದರ ಹಿಂದೆ ಇಟ್ಟ ಮತ್ತೊಂದು ಪರಕೀಯ ಚಿಹ್ನೆಯೂ. ನಕಾರಕ್ಕೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು. ಅದರ ಒತ್ತಿಗೆ ಜರ್ಮನರ ಒಂದು ಅಕ್ಷರ. ಫಾಂಟೆಂಬ ಬಣ್ಣವು ಮೇಲಿರುವವರೆಗೆ ಎಲ್ಲವೂ ಕನ್ನಡವಾಗಿ ತೋರುವುದು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದೊಡನೆಯೇ ‘ಕನ್ನಡ’ ಎಂಬ ಮಾತೂ ಓದಲಾಗದ ಕಲಸುಮೇಲೋಗರವಾಗುವುದು. ನಾಶವಾಗದುದು ಅಕ್ಷರವೆಂದು ಶಾಸ್ತ್ರಜ್ಞರು ಅರ್ಥ ಹೇಳುವರು. ಈ ಲಕ್ಷಣದಿಂದ ನೋಡಿದರೆ ಇವು ಅಕ್ಷರಗಳೇ ಅಲ್ಲ.

ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತಕ್ರಮವು 1991ರಲ್ಲಿ ಹೊರಟ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡ ವರ್ಣಗಳಿಗೆ ಪ್ರತ್ಯೇಕ ಸ್ಥಾನಗಳನ್ನು ಕೊಟ್ಟಿತು. ಇದು ಆಕಾರವನ್ನು ಸಂಗ್ರಹಿಸುವುದಿಲ್ಲ, ವರ್ಣವನ್ನೇ ಸಂಗ್ರಹಿಸುವುದು. ಹಲ್ಮಿಡಿ ಶಾಸನದ ಲಿಪಿಗೂ ಇಂದಿನ ಅಚ್ಚಿನ ಲಿಪಿಗೂ ಆಕಾರದಲ್ಲಿ ಬಹಳ ಅಂತರವುಂಟು. ಆದರೂ ಅಲ್ಲಿನ ಕಕಾರವೇ ಇಲ್ಲಿನ ಕಕಾರ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಇಂದಿಗೂ ಓದಲು ದೊರೆಯುವುದು ಲಿಪಿಕಾರರು ತಲೆತಲಾಂತರವಾಗಿ ವರ್ಣಕ್ಕೆ ವರ್ಣವನ್ನು ನಕಲು ಮಾಡಿದುದರಿಂದಲೇ. ಹುಳು ತಿಂದ ಓಲೆಯಲ್ಲಿಯೂ ಉಳಿದಿರುವುದು ಅಕ್ಷರ. ಪಂಡಿತನು ಅದರಿಂದ ಪಾಠವನ್ನು ಊಹಿಸಬಲ್ಲನು. ಸಂಕೇತದ ಕೀಲಿಯೇ ಕಳೆದುಹೋದ ಕಡತದಿಂದ ಯಾವ ಪಂಡಿತನು ಏನನ್ನು ಊಹಿಸುವನು?

ಇಲ್ಲಿ ಕೆಲವರು ಆಕ್ಷೇಪಿಸುವರು: ಪುಟಗಳನ್ನು ಪಿಡಿಎಫ್ ಮಾಡಿಬಿಟ್ಟರೆ ಫಾಂಟು ಅದರಲ್ಲಿಯೇ ಅಡಗಿರುವುದು, ಪುಟವು ಅಚ್ಚಿನಂತೆಯೇ ಕಾಣುವುದು, ಮತ್ತೇನು ಬೇಕು? ಇದಕ್ಕೆ ಉತ್ತರವು ಸುಲಭ. ಅಚ್ಚಿನ ಪುಟದ ಅಳತೆಯು ಅಂಗೈಯಗಲದ ಮೊಬೈಲಿಗೆ ಹೊಂದದು. ಕಣ್ಣು ಮಂಜಾದ ವೃದ್ಧರು ಅಕ್ಷರವನ್ನು ದೊಡ್ಡದು ಮಾಡಹೋದರೆ ಸಾಲಿನ ಅರ್ಧವು ಪರದೆಯ ಆಚೆಗೆ ಸರಿಯುವುದು. ಹಳೆಯ ಸಂಕೇತದ ಬರಹವಾದರೆ, ಬೇಕಾದ ಮಾತನ್ನು ಕನ್ನಡದಲ್ಲಿ ಹುಡುಕಿದರೂ ಸಿಕ್ಕದು. ದೃಷ್ಟಿಹೀನರಿಗೆ ಪುಸ್ತಕವನ್ನು ಓದಿಹೇಳುವ ಯಂತ್ರವು ಕನ್ನಡದ ಬದಲು ಆ ಪರಕೀಯ ಚಿಹ್ನೆಗಳನ್ನೇ ಉಚ್ಚರಿಸುವುದು. ನೋಡಲು ಮಾತ್ರ ಬರುವುದು ಚಿತ್ರ. ಓದಲು ಬರುವುದು ಪುಸ್ತಕ. ನಿಜವಾದ ಇ-ಪುಸ್ತಕಕ್ಕೆ ಇ-ಪಬ್ ಎಂಬ ರೂಪವಿದೆ. ಅದರ ಮೂರನೆಯ ಆವೃತ್ತಿಯು 2011ರಲ್ಲಿ ಸಿದ್ಧವಾಯಿತು. ಅದರಲ್ಲಿ ಪಾಠವು ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಸಾಲುಗೂಡುವುದು.

ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಒಂದು ಗುಂಡಿಯನ್ನು ಒತ್ತಿದರೆ ಸಾಕು, ಎಂಬುದು ಎರಡನೆಯ ಆಕ್ಷೇಪ. ಪರಿವರ್ತಕಗಳಿರುವುದು ನಿಜ, ಸಾಕೆಂಬುದು ಸುಳ್ಳು. ‘ಸೂರ್ಯ’ ಎಂಬಲ್ಲಿ ಉಚ್ಚಾರಣೆಯಲ್ಲಿ ರೇಫವು ಮೊದಲು, ಯಕಾರವು ಅನಂತರ. ಬರೆವಣಿಗೆಯಲ್ಲಿ ಅರ್ಕಾವತ್ತು ಹಿಂದೆ ಬರುವುದು. ಹಳೆಯ ಫಾಂಟು ಬರೆವಣಿಗೆಯ ಕ್ರಮವನ್ನು ಹಿಡಿಯಿತು. ಯೂನಿಕೋಡು ಉಚ್ಚಾರಣೆಯ ಕ್ರಮವನ್ನು ಹಿಡಿಯುವುದು. ಈ ಸ್ಥಾನಪಲ್ಲಟದಲ್ಲಿ ಯಂತ್ರವು ಎಡವಿದರೆ ರೇಫವು ಮುಂದಿನ ಅಕ್ಷರದ ಪಾಲಾಗುವುದು. ಅನುಸ್ವಾರದ ಸ್ಥಳದಲ್ಲಿ ಸೊನ್ನೆಯ ಅಂಕಿಯನ್ನು ಒತ್ತುವ ದುರಭ್ಯಾಸವೂ ಉಂಟು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕಾದರೋ ಒಂದು ವರ್ಣ, ಮತ್ತೊಂದು ಸಂಖ್ಯೆ. ಆದುದರಿಂದ ಪರಿವರ್ತನೆಯಾದ ಪಾಠವನ್ನು ಮೂಲಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ಓದದೆ ಹೊರಡಿಸುವುದು, ಕರಡು ತಿದ್ದದೆ ಅಚ್ಚು ಹಾಕಿಸಿದುದಕ್ಕೆ ಸಮಾನವು.

ಇದೆಲ್ಲ ಬೆರಳಚ್ಚಿನವರ ಕೆಲಸ, ಸಾಹಿತಿಗೆ ಸಂಬಂಧಿಸಿದುದಲ್ಲ ಎನ್ನುವ ಮಹನೀಯರೂ ಇರುವರು. ಇದು ಮೂರನೆಯ ಆಕ್ಷೇಪ, ಎಲ್ಲಕ್ಕಿಂತಲೂ ಅನರ್ಥಕಾರಿಯಾದುದು. ಅಧ್ಯಾಯದ ಹೆಸರನ್ನು ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ಯಂತ್ರಕ್ಕೆ ಅದು ಶೀರ್ಷಿಕೆಯಾಗದು. ಶೀರ್ಷಿಕೆಯೆಂದು ಗುರುತು ಮಾಡಿದರೆ ಮಾತ್ರ ಪರಿವಿಡಿಯು ತಾನಾಗಿ ಹುಟ್ಟುವುದು. ಪದ್ಯದ ಪಾದಗಳನ್ನು ಬರಿಯ ತೆರಪುಗಳಿಂದ ಜೋಡಿಸಿದರೆ ಚಿಕ್ಕ ಪರದೆಯಲ್ಲಿ ಷಟ್ಪದಿಯು ಗದ್ಯದಂತೆ ಮುರಿದು ಬೀಳುವುದು. ಯಾವುದು ಶೀರ್ಷಿಕೆ, ಯಾವುದು ಪಾದ, ಯಾವುದು ಟಿಪ್ಪಣಿ ಎಂಬುದನ್ನು ಗ್ರಂಥಕರ್ತನಲ್ಲದೆ ಮತ್ತಾರು ಬಲ್ಲರು?

2016ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಕಿಂಡಲ್ ಭಂಡಾರದಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಆರಂಭಿಸಿತು. ಆ ಐದರಲ್ಲಿ ಕನ್ನಡವು ಇರಲಿಲ್ಲ. ಕನ್ನಡಿಗರಿಗೆ ವ್ಯಥೆಯಾದುದು ಸಹಜ. ಆದರೆ ಅನ್ಯರ ಅಂಗಡಿಯಲ್ಲಿ ಸ್ಥಳವಿಲ್ಲವೆಂದು ದೂರುವವರು ತಮ್ಮ ಕಣಜದಲ್ಲಿರುವುದು ಕಾಳೋ ಜೊಳ್ಳೋ ಎಂಬುದನ್ನೂ ಪರೀಕ್ಷಿಸಬೇಡವೆ?

ಮಾಡತಕ್ಕ ಕೆಲಸವು ಅಸಾಧ್ಯವಾದುದೂ ಅಲ್ಲ, ದುಬಾರಿಯಾದುದೂ ಅಲ್ಲ. ಹೊಸ ಹಸ್ತಪ್ರತಿಯನ್ನು ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯತಕ್ಕುದು. ನೋಟೋ ಮೊದಲಾದ ಸುಂದರ ಫಾಂಟುಗಳು ಮೂಲ್ಯವಿಲ್ಲದೆ ದೊರೆಯುವುವು. ಹಳೆಯ ಕಡತಗಳನ್ನು, ಅವನ್ನು ಬರೆದವರು ಬದುಕಿರುವಾಗಲೇ, ಪರಿವರ್ತಿಸಿ ತಿದ್ದತಕ್ಕುದು. ಜಿಲ್ಲೆಯ ಸಾಹಿತ್ಯಸಂಘಗಳು ಸನ್ಮಾನಸಮಾರಂಭಗಳ ಶಾಲು ಹಾರಗಳಿಗೆ ಮಾಡುವ ವೆಚ್ಚದಲ್ಲಿ ಒಂದಂಶವನ್ನು ಈ ಶೋಧನಕಾರ್ಯಕ್ಕೆ ಮೀಸಲಿಡಲಿ. ಲೇಖಕನ ಕೊರಳಿನ ಹಾರವು ಸಂಜೆಗೆ ಬಾಡುವುದು. ಅವನ ಮಾತು ಮೊಮ್ಮಕ್ಕಳ ಕಾಲಕ್ಕೆ ಉಳಿಯಬೇಕಾದರೆ ಮೊದಲು ಅದು ಅಕ್ಷರವಾಗಬೇಕು.