‘ಒಂದಕ್ಕೆ ಹೋಗಬೇಕು’ ಅನ್ನಲು ನಿಮ್ಮ ಮಗುವಿಗೆ ಬರುತ್ತದೆಯೇ?

ಜೂನ್ ಕಳೆದು ಜುಲೈ ಬಂತೆಂದರೆ ಪಾಂಡವಪುರದ ನನ್ನ ದವಾಖಾನೆಗೆ ಒಂದೇ ಬಗೆಯ ದೂರಿನ ಪುಟ್ಟ ಮಕ್ಕಳು ಬರತೊಡಗುತ್ತಾರೆ. ಬೆಳಗ್ಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಏನೂ ಇಲ್ಲ. ‘ನಾಟಕ ಆಡ್ತಾಳೆ ಡಾಕ್ಟ್ರೇ, ಸ್ಕೂಲಿಗೆ ಹೋಗೋಕೆ ಸೋಮಾರಿತನ’ ಎನ್ನುತ್ತಾರೆ ಅಬ್ಬಾ. ‘ನಜರ್ ಆಗಿದೆ’ ಎನ್ನುತ್ತಾರೆ ದಾದಿ.

ಕಳೆದ ವರ್ಷ ಹೀಗೆ ಬಂದ ನಾಲ್ಕೂವರೆ ವರ್ಷದ ಹುಡುಗಿಗೆ ಮೊದಲ ಸಲ ನಾನೂ ಜಂತುಹುಳದ ಔಷಧಿ ಕೊಟ್ಟು ಕಳಿಸಿದ್ದೆ. ಅದು ನನ್ನದೇ ತಪ್ಪು. ಎರಡನೇ ಸಲ ಬಂದಾಗ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರೆ ಎಡಗಡೆ ಮಲ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಜೊತೆಗೆ ಉರಿಮೂತ್ರ. ವಿಚಾರಿಸಿದೆ. ಬೆಳಗ್ಗೆ ಎಂಟೂವರೆಗೆ ವ್ಯಾನ್ ಹತ್ತಿದ ಮಗು ಮಧ್ಯಾಹ್ನ ಮೂರೂವರೆಗೆ ಮನೆ ಸೇರುವವರೆಗೆ ಒಮ್ಮೆಯೂ ಶೌಚಾಲಯಕ್ಕೆ ಹೋಗುತ್ತಿರಲಿಲ್ಲ. ನೀರಿನ ಬಾಟಲಿ ತುಂಬಿದಂತೆಯೇ ವಾಪಸ್ ಬರುತ್ತಿತ್ತು. ಯಾಕಮ್ಮಾ ಎಂದರೆ, ‘ಮಿಸ್ ಕೂ ಬೋಲ್ನಾ ನೈ ಆತಾ’ ಅಂದಳು.

ಮನೆಯಲ್ಲಿ ಆ ಮಗು ಕಲಿತ ಮಾತು ‘ಪೇಶಾಬ್’. ಪಕ್ಕದಲ್ಲಿ ಕೂತ ಮಕ್ಕಳು ‘ಒಂದಕ್ಕೆ’ ಅನ್ನುತ್ತಾರೆ. ಇಂಗ್ಲಿಷ್ ಮೀಡಿಯಂ ಆದ್ದರಿಂದ ಮಿಸ್ ಹೇಳಿಕೊಟ್ಟದ್ದು ‘ಮೇ ಐ ಗೋ ಟು ಟಾಯ್ಲೆಟ್’. ಮೂರರಲ್ಲಿ ಯಾವುದನ್ನು ಹೇಳಬೇಕೋ ತಿಳಿಯದೆ ಮಗು ಕಾಲು ಅದುಮಿಕೊಂಡು ಏಳು ಗಂಟೆ ಕೂರುತ್ತಿತ್ತು.

ನರ್ಸರಿ, ಎಲ್‌ಕೆಜಿಗೆ ಸೇರಿಸುವಾಗ ನಾವು ಏನನ್ನೆಲ್ಲ ಸಿದ್ಧ ಮಾಡುತ್ತೇವೆ ನೋಡಿ. ಟೈ, ಬೆಲ್ಟ್, ಕಪ್ಪು ಶೂ, ಎದೆಗೆ ಪಿನ್ ಹಾಕಿದ ಕರವಸ್ತ್ರ, ಕಾರ್ಟೂನ್ ಚಿತ್ರದ ಬ್ಯಾಗು. ಎರಡು ತಿಂಗಳು ಮೊದಲೇ ಎ ಯಿಂದ ಝಡ್‌ವರೆಗೆ ಗಿಳಿಪಾಠ. ಪೋಷಕರ ಸಭೆಯಲ್ಲಿ ಕೇಳುವ ಪ್ರಶ್ನೆಯೂ ಅದೇ: ಇಂಗ್ಲಿಷ್ ಮಾತಾಡ್ತಾನಾ? ಹೋಮ್‌ವರ್ಕ್ ಯಾಕೆ ಕಮ್ಮಿ? ಮಗು ದಿನಕ್ಕೆ ಎಷ್ಟು ಸಲ ಶೌಚಾಲಯಕ್ಕೆ ಹೋಗುತ್ತದೆ ಎಂದು ಕೇಳಿದ ತಂದೆಯನ್ನು ನಾನು ಇನ್ನೂ ಕಂಡಿಲ್ಲ. ನಾನೂ ನನ್ನ ಮಗನ ಸಭೆಯಲ್ಲಿ ಕೇಳಿರಲಿಲ್ಲ.

ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದಕ್ಕೆ ಮಕ್ಕಳ ತೋಟ ಎಂದರ್ಥ. ಫ್ರೋಬೆಲ್ ಎಂಬ ಶಿಕ್ಷಕ 1840ರಲ್ಲಿ ತನ್ನ ಶಾಲೆಗೆ ಆ ಹೆಸರಿಟ್ಟದ್ದು ಆಟ, ಹಾಡು, ಕೈಕೆಲಸಕ್ಕಾಗಿ. ನಮ್ಮ ಹಿರಿಯರ ರೂಢಿಯನ್ನೂ ನೆನಪಿಸಿಕೊಳ್ಳಿ. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾಖಾನಿ ಮಾಡುತ್ತಿದ್ದರು. ಹೊಸ ಬಟ್ಟೆ ತೊಡಿಸಿ, ಬಿಸ್ಮಿಲ್ಲಾಹ್ ಹೇಳಿಸಿ, ಸಿಹಿ ಹಂಚುತ್ತಿದ್ದರು. ಕೈಗೆ ಪೆನ್ಸಿಲ್ ತುರುಕಿ ನಾಲ್ಕು ಪುಟ ಬರೆಸುತ್ತಿರಲಿಲ್ಲ. ನಮಾಝನ್ನು ಕಲಿಸಲೂ ಏಳು ವರ್ಷ ಆಗಲಿ ಎಂದವರು ನಮ್ಮ ಪ್ರವಾದಿ(ಸ). ಮೂರು ವರ್ಷದ ಮಗುವನ್ನು ಟ್ಯೂಷನ್ನಿಗೆ ಕಳಿಸುವ ಆತುರ ನಮಗೆ ಎಲ್ಲಿಂದ ಬಂತೋ.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರಕಾರ 2022ರಲ್ಲಿ ಆದೇಶ ಹೊರಡಿಸಿತು. ಪೋಷಕರ ಒತ್ತಾಯಕ್ಕೆ 2025-26ರ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ‘ಒಂದು ವರ್ಷ ವೇಸ್ಟ್ ಆಯ್ತು’ ಎಂದು ನನ್ನೆದುರೇ ಗೊಣಗಿದವರಿದ್ದಾರೆ. ವೇಸ್ಟ್ ಏನಲ್ಲ. ನಿದ್ದೆ, ಊಟ, ಶೌಚ ಒಂದು ಹದಕ್ಕೆ ಬರಲು ಮಗುವಿಗೆ ಸಿಕ್ಕ ವರ್ಷ ಅದು.

ಯುನಾನಿಯಲ್ಲಿ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಓದುತ್ತೇವೆ. ಆರೋಗ್ಯಕ್ಕೆ ತಪ್ಪಿಸಲಾಗದ ಆರು ಸಂಗತಿಗಳು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಕೊನೆಯದಾಗಿ ವಿಸರ್ಜನೆ ಮತ್ತು ತಡೆ. ಕಾಲೇಜಿನಲ್ಲಿ ಈ ಕೊನೆಯದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಎಲ್‌ಕೆಜಿ ಮಕ್ಕಳ ಹೊಟ್ಟೆ ಮುಟ್ಟಿ ನೋಡಿದ ಮೇಲೆ.

ತಡೆದ ಮಲ ಒಳಗೇ ಒಣಗಿ ಗಟ್ಟಿಯಾಗುತ್ತದೆ. ಹೊರಬರುವಾಗ ನೋಯುತ್ತದೆ. ನೋವಿಗೆ ಹೆದರಿ ಮಗು ಮತ್ತೆ ತಡೆಯುತ್ತದೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ, ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಬಹುದು. ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಸೋರುವುದೂ ಉಂಟು. ಅದಕ್ಕೆ ಬೈಗುಳ, ಕೆಲವು ಮನೆಗಳಲ್ಲಿ ಏಟು. ಅದು ಕೊಬ್ಬಲ್ಲ ತಾಯಂದಿರೇ, ಮಲಬದ್ಧತೆ. ಹೆಣ್ಣುಮಕ್ಕಳಲ್ಲಿ ಮೂತ್ರ ತಡೆದರೆ ಸೋಂಕು ಬೇಗ ತಗಲುತ್ತದೆ. ಉರಿ, ಜ್ವರ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಬೇಡ. ಯುನಾನಿ ಓದಿದ ನಾನೂ ಮೊದಲು ಮೂತ್ರ ಪರೀಕ್ಷೆಗೇ ಕಳಿಸುತ್ತೇನೆ.

ಹೊಟ್ಟೆಗೆ ಆಹಾರ ಬಿದ್ದ ಸ್ವಲ್ಪ ಹೊತ್ತಿಗೆ ದೊಡ್ಡ ಕರುಳು ಅಲುಗುತ್ತದೆ. ಹಾಗಾಗಿ ಬೆಳಗ್ಗೆ ತಿಂಡಿ ತಿನ್ನಿಸಿ, ಆಮೇಲೆ ಐದು ಹತ್ತು ನಿಮಿಷ ಮಗುವನ್ನು ಶೌಚಕ್ಕೆ ಕೂರಿಸಿ. ಬರಲಿ ಬಿಡಲಿ, ದಿನವೂ ಅದೇ ಹೊತ್ತಿಗೆ. ಕಮೋಡ್ ಆದರೆ ಕಾಲು ನೇತಾಡದಂತೆ ಒಂದು ಮಣೆ ಇಡಿ. ಇದಕ್ಕೆ ವ್ಯಾನ್ ಬರುವ ಒಂದು ಗಂಟೆ ಮೊದಲು ಮಗು ಎದ್ದಿರಬೇಕು. ಹಾಲು ಬಿಸ್ಕತ್ತಿನಲ್ಲಿ ತಿಂಡಿ ಮುಗಿಸುವ ಮನೆಗಳಲ್ಲೇ ಮಲಬದ್ಧತೆ ಹೆಚ್ಚು ನೋಡಿದ್ದೇನೆ. ಮಂಡ್ಯ ಸೀಮೆಯಲ್ಲಿದ್ದು ರಾಗಿಯನ್ನು ಮರೆತರೆ ಹೇಗೆ? ರಾಗಿ ಅಂಬಲಿ, ಬಾಳೆಹಣ್ಣು, ಪರಂಗಿ ಸಾಕು. ರಾತ್ರಿ ನೆನೆಹಾಕಿ ಬೀಜ ತೆಗೆದ ನಾಲ್ಕು ಮುನಕ್ಕಾವನ್ನು ಚೆನ್ನಾಗಿ ಹಿಸುಕಿ ಕೊಟ್ಟರೂ ಆಗುತ್ತದೆ.

ಬೇಗ ಏಳಬೇಕಾದರೆ ಬೇಗ ಮಲಗಬೇಕು. ಇಲ್ಲಿ ಎಡವುವವರು ಮಗುವಲ್ಲ, ನಾವು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೈಸೂರಿಂದ ಅಬ್ಬಾ ಬರುವುದು ರಾತ್ರಿ ಒಂಬತ್ತಕ್ಕೆ, ಆಮೇಲೆ ಊಟ, ಆಮೇಲೆ ಮೊಬೈಲು. ಈಚೆಗೆ ರಮಝಾನ್ ಕೂಡ ಶಾಲೆ ನಡೆಯುವ ಫೆಬ್ರವರಿ–ಮಾರ್ಚ್‌ನಲ್ಲೇ ಬರುತ್ತಿದೆ. ಹಿರಿಯರು ತರಾವೀಹ್ ಮುಗಿಸಿ ಬರುವವರೆಗೆ ಮಗು ಎದ್ದೇ ಇರಬೇಕೆಂದಿಲ್ಲ. ದಾದಿಯ ಮಗ್ಗುಲಲ್ಲಿ ಅದು ಎಂಟೂವರೆಗೇ ಮಲಗಲಿ.

ಬೆಲ್ಟು, ಬಿಗಿ ಗುಂಡಿಯ ಬಗ್ಗೆ ಶಾಲೆಯವರ ಜೊತೆ ಜಗಳವಾಡಿಯಾದರೂ ವಿನಾಯಿತಿ ಪಡೆಯಿರಿ. ತಾನಾಗಿ ಬಿಚ್ಚಲಾಗದ ಬಟ್ಟೆ ತೊಟ್ಟ ಮಗು ಶೌಚಾಲಯದ ಬಾಗಿಲಲ್ಲೇ ಒದ್ದೆಯಾಗುತ್ತದೆ, ಮರುದಿನದಿಂದ ಹೋಗುವುದನ್ನೇ ಬಿಡುತ್ತದೆ. ಎಲಾಸ್ಟಿಕ್ ಚಡ್ಡಿ ಸಾಕು. ಇಸ್ತಿಂಜಾವನ್ನು ಮನೆಯಲ್ಲೇ ರೂಢಿ ಮಾಡಿಸಿ. ಎಡಗೈ, ನೀರು, ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೆ ತೊಳೆಯುವುದು, ಆಮೇಲೆ ಸೋಪು. ನಾಲ್ಕು ವರ್ಷದ ಮಗುವಿಗೆ ಇದು ಪೂರ್ತಿ ಬರುವುದಿಲ್ಲ, ಆಯಾ ನೆರವು ಬೇಕು. ಆ ಆಯಾ ಯಾರು, ಹೆಸರೇನು ಎಂಬುದು ಮಗುವಿಗೂ ನಿಮಗೂ ಗೊತ್ತಿರಲಿ. ತನ್ನ ಮೈಯನ್ನು ಯಾರು, ಯಾವಾಗ ಮುಟ್ಟಬಹುದು ಎಂದು ಹೇಳಿಕೊಡಲೂ ಇದೇ ಸಮಯ.

ಫೀಸು ಕಟ್ಟುವ ಮೊದಲು ಶೌಚಾಲಯ ನೋಡಬೇಕೆಂದು ಕೇಳಿ. ನಲ್ಲಿಯಲ್ಲಿ ನೀರು ಬರುತ್ತದೆಯೇ, ಚೊಂಬು ಇದೆಯೇ, ಮಗುವಿನ ಕೈಗೆ ಸೋಪು ಎಟುಕುತ್ತದೆಯೇ ನೋಡಿ. ತರಗತಿಯ ವೇಳಾಪಟ್ಟಿಯಲ್ಲಿ ಎಲ್ಲ ಮಕ್ಕಳನ್ನೂ ಕರೆದೊಯ್ಯುವ ಹೊತ್ತು ಎರಡು ಸಲವಾದರೂ ಇದೆಯೇ ಎಂದು ಕೇಳಿ. ಹಾಗೆ ಕರೆದೊಯ್ದರೆ ಯಾವ ಮಗುವೂ ಅನುಮತಿ ಕೇಳಲು ಹೆದರಬೇಕಿಲ್ಲ. ಅಂಗನವಾಡಿಗೆ ಕಳಿಸುವವರೂ ಇದನ್ನೇ ಕೇಳಬಹುದು. ಮೂವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಮಿಸ್ಸಿನ ಕಷ್ಟವೂ ನನಗೆ ಗೊತ್ತು. ಆಯಾ ಇಲ್ಲದಿದ್ದರೆ ಆಯಾ ಬೇಕೆಂದು ಆಡಳಿತದವರನ್ನು ಕೇಳಬೇಕಾದವರು ಆ ಮಿಸ್ ಅಲ್ಲ, ಫೀಸು ಕೊಡುವ ನಾವು.

ಆ ಹುಡುಗಿಗೆ ಸೋಂಕಿನ ಚಿಕಿತ್ಸೆ ಆಯಿತು, ಮಲಬದ್ಧತೆ ಹದಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಅವಳ ಅಮ್ಮಿ ಶಾಲೆಗೆ ಹೋಗಿ ಮಿಸ್ಸಿಗೆ ‘ಪೇಶಾಬ್’ ಎಂಬ ಒಂದು ಪದ ಕಲಿಸಿ ಬಂದರು. ಮಿಸ್ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರಂತೆ. ಮನೆಯಲ್ಲಿ ದಾದಿ ಮೊಮ್ಮಗಳಿಗೆ ‘ಮಿಸ್, ಒಂದಕ್ಕೆ’ ಎಂದು ಹೇಳಿಸಿ ಹೇಳಿಸಿ ತಾವೂ ಕಲಿತಿದ್ದಾರೆ. ಮೊನ್ನೆ ತಮ್ಮ ಮಂಡಿನೋವಿಗೆ ಬಂದಾಗ ಹೇಳಿ ತೋರಿಸಿ ನಕ್ಕರು.